ಬಿಫೋರ್ ಹೆಂಗಸಿನ ದನಿ

ಮೊನ್ನೆ ಮಧ್ಯಾಹ್ನ ಯಾವುದೋ ಕ್ರೆಡಿಟ್ ಕಾರ್ಡಿನ ಹುಡುಗಿ ಫೋನ್ ಮಾಡಿದಳು. ನಾನು ಹಲೋ ಅಂದ ಕೂಡಲೇ "ಗುಡ್ ಆಫ್ಟರ್‌ನೂನ್ ಸರ್" ಅಂದಳು. ನಾನು ತಿದ್ದಲಿಲ್ಲ. ಐದು ನಿಮಿಷ ಸರ್ ಆಗಿಯೇ ಮಾತಾಡಿ, ಕಾರ್ಡು ಬೇಡವೆಂದು ಹೇಳಿ, ಅವಳ ಊರು ಯಾವುದು, ಊಟವಾಯಿತೇ ಎಂದೆಲ್ಲ ವಿಚಾರಿಸಿದೆ. ಫೋನಿಡುವ ಮುಂಚೆ ಅವಳು, ನಿಮ್ಮಷ್ಟು ಒಳ್ಳೆಯವರು ಇವತ್ತು ಯಾರೂ ಸಿಗಲಿಲ್ಲ ಸರ್ ಅಂದಳು. ಹೆಂಗಸಾಗಿ ಇದ್ದಷ್ಟು ಕಾಲ ಯಾರೂ ನನಗೆ ಇಷ್ಟು ಬೇಗ ಆ ಸರ್ಟಿಫಿಕೇಟ್ ಕೊಟ್ಟದ್ದಿಲ್ಲ.

ಇದು ಹೊಸದೇನಲ್ಲ. ನನ್ನ ದನಿ ಹುಟ್ಟಾ ದಪ್ಪ. ನಾನು ಹುಟ್ಟಿ ಮೊದಲ ಸಲ ಅತ್ತದ್ದು ಕೇಳಿ, ಹೊರಗೆ ಜಗಲಿಯಲ್ಲಿ ಕೂತಿದ್ದವರು ಗಂಡುಮಗುವೆಂದೇ ತಿಳಿದು ಸಕ್ಕರೆ ಹಂಚಿಬಿಟ್ಟರಂತೆ. ಹಂಚಿದ ಸಕ್ಕರೆಯನ್ನು ವಾಪಸು ಕೇಳಲಾದೀತೆ? "ನಿಮ್ಮ ತಾತನ ದನಿ ಕಣೆ ಅದು, ವಿಳಾಸ ತಪ್ಪಿ ನಿನಗೆ ಬಂದಿದೆ" ಎಂದು ನಮ್ಮಮ್ಮ ಜೀವನವಿಡೀ ಪೇಚಾಡಿದಳು. ಮದ್ದೂರಿನ ಶಾಲೆಯಲ್ಲಿ ನಾಟಕವೆಂದರೆ ಕಂಸನ ಪಾತ್ರಕ್ಕೆ ಬೇರೆ ಯಾರನ್ನೂ ಹುಡುಕುತ್ತಿರಲಿಲ್ಲ. ದೇವಕಿಯಾಗಿ ನನ್ನ ಕಾಲ ಬಳಿ ಬಿದ್ದು ಅಳುತ್ತಿದ್ದವಳು ನನಗಿಂತ ಒಂದು ಗೇಣು ಎತ್ತರದವಳು, ಎರಡೆರಡು ಕೊಡ ನೀರು ಹೊರುವುದರಲ್ಲಿ ಇಡೀ ಬೀದಿಗೆ ಹೆಸರಾದವಳು. ಮನಸ್ಸು ಮಾಡಿದ್ದರೆ ಕಂಸನನ್ನು ಎತ್ತಿ ಪರದೆಯಾಚೆ ಎಸೆಯಬಹುದಿತ್ತು. ಆದರೆ ಅವಳ ದನಿ ಸಣ್ಣ, ಹಾಗಾಗಿ ಅವಳು ಅಬಲೆ.

ಹೆಣ್ಣು ನೋಡಲು ಬಂದವರು ಹಾಡಲು ಹೇಳಿದರು, ಹಾಡಿದೆ. ಗಂಡಿನ ಸೋದರಮಾವ ಬಹಳ ಮರ್ಯಾದೆಯಿಂದ, ಹುಡುಗಿಗೆ ನೆಗಡಿಯೇ ಎಂದು ವಿಚಾರಿಸಿದರು. ಗಂಡು ಮಾತ್ರ ರೇಡಿಯೋ ಕೇಳಿದ ಹಾಗಾಯಿತು ಅಂದರಂತೆ. ಅವರನ್ನೇ ಮದುವೆಯಾದೆ. ಇವತ್ತಿಗೂ ನಾನು ಮಾತಾಡುವಾಗ ಅವರು ಪೇಪರ್ ಓದುತ್ತಿರುತ್ತಾರೆ. ರೇಡಿಯೋ ಮುಂದೆ ಎಲ್ಲರೂ ಮಾಡುವುದು ಅದನ್ನೇ ತಾನೆ.

ಇಂಥ ದನಿಗೂ ಒಂದು ಕಾಲ ಬಂತು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಅಂಬತ್ತೂರಿನಲ್ಲಿ ಮನೆ ಮಾಡಿದ ಹೊಸತು. ಮದರಾಸು ಆಗಷ್ಟೇ ಚೆನ್ನೈ ಆಗಿತ್ತು, ನಮ್ಮ ಬಾಯಲ್ಲಿ ಇನ್ನೂ ಆಗಿರಲಿಲ್ಲ. ಕನ್ನಡ ಸಂಘದವರ ರಾಜ್ಯೋತ್ಸವದಲ್ಲಿ ಮೈಕು ಕೆಟ್ಟಿತು. ವಂದನಾರ್ಪಣೆ ನನ್ನ ಪಾಲಿಗಿತ್ತು, ಮೈಕಿಲ್ಲದೆಯೇ ಕೊನೆಯ ಸಾಲಿನವರೆಗೆ ಮುಟ್ಟಿಸಿದೆ. ಆಮೇಲೆ ಸಫಾರಿ ತೊಟ್ಟವರೊಬ್ಬರು ಕೇಸರಿಭಾತಿನ ತಟ್ಟೆ ಹಿಡಿದುಕೊಂಡೇ ನನ್ನನ್ನು ಹುಡುಕಿಕೊಂಡು ಬಂದರು. ಕೋದಂಡರಾಮ್ ಎಂದು ಹೆಸರು. ಹಿಂದಿ, ಇಂಗ್ಲಿಷ್ ಜಾಹೀರಾತುಗಳನ್ನು ಕನ್ನಡಕ್ಕೆ ಡಬ್ ಮಾಡಿಸಿಕೊಡುವುದು ಅವರ ಕಸುಬು. ಮೂವತ್ತು ವರ್ಷ ಅಲ್ಲೇ ಇದ್ದು ಅವರ ಕನ್ನಡದಲ್ಲಿ ಅರ್ಧ ತಮಿಳಿತ್ತು. "ಅಮ್ಮ, ಇಂಥ ವಾಯ್ಸ್‌ನ ಎಷ್ಟು ದಿನಮಾ ಹುಡುಕ್ತಾ ಇದ್ದೆ ತೆರಿಯುಮಾ? ನಮ್ಮ ಹತ್ರ ಮಾಮಿಯಾರ್ ವಾಯ್ಸೇ ಇಲ್ಲ" ಅಂದರು. ಮಾಮಿಯಾರ್ ಎಂದರೆ ಅತ್ತೆ. ನನಗಾಗ ಮೂವತ್ತನಾಲ್ಕು.

ಕೋಪ ಬಂತು, ಜೊತೆಗೆ ಆಸೆಯೂ ಬಂತು. ಹುಟ್ಟಿದಾಗಿನಿಂದ ಎಲ್ಲರೂ ಬಚ್ಚಿಡು ಬಚ್ಚಿಡು ಎನ್ನುತ್ತಿದ್ದ ಒಂದು ವಸ್ತುವನ್ನು ಒಬ್ಬರು ಬೇಕು ಅಂದಿದ್ದರು. ಮುಂದಿನ ವಾರವೇ ಎರಡು ಬಸ್ಸು ಬದಲಾಯಿಸಿ ವಡಪಳನಿಗೆ ಹೋದೆ.

ಸ್ಟುಡಿಯೋ ಎಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಕೆಳಗೆ ಟಿಫನ್ ಸೆಂಟರು, ಮೇಲೆ ಎರಡು ಕೋಣೆ, ನಡುವೆ ಒಂದು ಗಾಜು. ಗಾಜಿನ ಆಚೆ ಎ.ಸಿ., ಅಲ್ಲಿ ಯಂತ್ರಗಳೂ ಕೋದಂಡರಾಮರೂ ಇರುತ್ತಿದ್ದರು. ಈಚೆ ನಾವು, ಫ್ಯಾನ್ ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನಿಲ್ಲ. ಮುಂದೆ ಒಂದು ಪುಟ್ಟ ಟೀವಿ. ಅದರಲ್ಲಿ ಮಾತಾಡುವವರ ತುಟಿ ನೋಡುತ್ತಾ, ತುಟಿ ತೆರೆದಾಗ ನಮ್ಮ ಬಾಯಿ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು. ಮುಖ ನೋಡಿದರೆ ತಪ್ಪಿಹೋಗುತ್ತದೆ, ತುಟಿಯನ್ನೇ ನೋಡಿ ಎಂದು ಮೊದಲ ದಿನವೇ ಹೇಳಿಕೊಟ್ಟರು. ಅದನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಮನೆಗೆ ಬಂದ ನೆಂಟರ ತುಟಿ ನೋಡಿಕೊಂಡು ಅವರು ಹೇಳಿದ್ದೇನೆಂಬುದನ್ನೇ ಮರೆಯುತ್ತಿದ್ದೆ.

ಪ್ರಪಂಚದಲ್ಲಿ ಪ್ರತಿಯೊಂದು ಸಾಮಾನಿಗೂ ಗಂಡು ಹೆಣ್ಣು ಎಂಬುದಿದೆ ಎಂದು ತಿಳಿದದ್ದು ಅಲ್ಲೇ. ಸಿಮೆಂಟಿಗೆ ಗಂಡಸಿನ ದನಿ. ನಮ್ಮ ಮನೆ ಎದುರಿನ ಕಟ್ಟಡದಲ್ಲಿ ಬಾಣಲೆಗಟ್ಟಲೆ ಸಿಮೆಂಟು ಹೊರುತ್ತಿದ್ದವರೆಲ್ಲ ಹೆಂಗಸರೇ, ಆದರೂ ಸಿಮೆಂಟಿಗೆ ಗಂಡಸಿನ ದನಿಯೇ ಬೇಕು. ಪಾತ್ರೆ ಸೋಪಿಗೆ ಹೆಣ್ಣು, ಆದರೆ ಆ ಸೋಪು ಯಾಕೆ ಒಳ್ಳೆಯದೆಂದು ವಿವರಿಸುವ ಕೊನೆಯ ಸಾಲಿಗೆ ಗಂಡಸು. ಮಂಡಿನೋವಿನ ಮುಲಾಮಿನಲ್ಲಿ ನೋವು ಹೆಂಗಸಿನದು, ಪರಿಹಾರ ಗಂಡಸಿನದು. ತಿಂಗಳ ಪ್ಯಾಡಿಗೆ ಮಾತ್ರ ಪಿಸುದನಿ. ನಾನು ಅದನ್ನು ಮಾಡಿದಾಗ ಕೋದಂಡರಾಮ್ ಗಾಜಿನಾಚೆಯಿಂದ ಎರಡೂ ಕೈ ಎತ್ತಿ, ಇದು ಪಕ್ಕದ ಮನೆಯವರಿಗೆ ಗೊತ್ತಾಗಬಾರದ ವಿಷಯ, ನೀವು ತರಕಾರಿ ಮಾರಿದ ಹಾಗೆ ಹೇಳುತ್ತಿದ್ದೀರಿ ಅಂದರು.

ಅತ್ತೆ ಪಾತ್ರಗಳು ಮುಗಿದ ಮೇಲೆ ನನಗೆ ಖಾಯಂ ಕೆಲಸವೊಂದು ಸಿಕ್ಕಿತು. ಮುಖಕ್ಕೆ ಹಚ್ಚುವುದು, ತಲೆಗೆ ಹಚ್ಚುವುದು, ತೂಕ ಇಳಿಸುವುದು, ಇವುಗಳಲ್ಲೆಲ್ಲ ಇಬ್ಬರು ಹೆಂಗಸರಿರುತ್ತಾರಲ್ಲ? ಇಬ್ಬರೂ ಒಬ್ಬಳೇ ಎಂದು ನಾವು ನಂಬಬೇಕು. ಹಚ್ಚುವ ಮೊದಲಿನವಳಿಗೆ ಸ್ಟುಡಿಯೋದಲ್ಲಿ ಬಿಫೋರ್ ಎಂದು ಹೆಸರು, ಹಚ್ಚಿದ ಮೇಲಿನವಳಿಗೆ ಆಫ್ಟರ್. ಕಪ್ಪಗಿದ್ದರೆ, ದಪ್ಪಗಿದ್ದರೆ, ಮೊಡವೆಯಿದ್ದರೆ ದನಿಯೂ ದಪ್ಪಗಿರಬೇಕೆಂಬುದು ನಿಯಮ. ಹಾಗಾಗಿ ಬಿಫೋರ್ ನಾನು. ಮುಖ ಬೆಳ್ಳಗಾದ ಕೂಡಲೇ ಗಂಟಲೂ ಸಣ್ಣಗಾಗಬೇಕು. ಅಲ್ಲಿಂದ ಮುಂದೆ ರುಕ್ಮಿಣಿಯಮ್ಮ.

ರುಕ್ಮಿಣಿಯಮ್ಮನನ್ನು ನಾನು ಮೊದಲು ನೋಡಿದಾಗ ಯಾರೋ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಾರೆ ಎಂದುಕೊಂಡೆ. ಅರವತ್ತೆರಡು ವರ್ಷ, ನನ್ನ ಒಂದೂವರೆಯಷ್ಟು ಮೈ, ಎರಡೂ ಮಂಡಿಗೆ ಪಟ್ಟಿ, ಬಾಯಲ್ಲಿ ಎಲೆಯಡಿಕೆ. ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಮೈಕಿನ ಮುಂದೆ ನಿಂತರೆ ಹದಿನೆಂಟರ ಹುಡುಗಿ ನಾಚಿಕೊಂಡು ನಗುತ್ತಿದ್ದಳು. ಮಾಯೆಯೇ ಅದು. ಗುಟ್ಟೇನೆಂದು ಕೇಳಿದ್ದಕ್ಕೆ, ಸಣ್ಣ ಸೊಂಟದವಳ ದನಿ ಬರಬೇಕಾದರೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲಬೇಕು ಕಣೆ ಎಂದರು. ಕನ್ನಡ ನಾಡಿನಲ್ಲಿ ಆ ದಿನಗಳಲ್ಲಿ ಬೆಳ್ಳಗಾದ, ತೆಳ್ಳಗಾದ ಹುಡುಗಿಯರೆಲ್ಲ ರುಕ್ಮಿಣಿಯಮ್ಮನ ಮಂಡಿನೋವಿನ ಮೇಲೆ ನಿಂತಿದ್ದರು. ಅವರೂ ನಾನೂ ಮಧ್ಯಾಹ್ನ ಕೆಳಗೆ ಹೋಗಿ ತಲಾ ಎರಡು ಪೊಂಗಲ್ ತಿನ್ನುತ್ತಿದ್ದೆವು.

ಮನೆಯಲ್ಲಿ ಯಜಮಾನರಿಗೆ ನನ್ನ ಈ ಕೆಲಸದ ಬಗ್ಗೆ ಎಲ್ಲಿಲ್ಲದ ಹೆಮ್ಮೆ. ಕೇಬಲ್‌ನಲ್ಲಿ ಬರುತ್ತಿದ್ದ ಒಂದೇ ಒಂದು ಕನ್ನಡ ಚಾನೆಲ್ ಹಾಕಿಕೊಂಡು, ಕಾರ್ಯಕ್ರಮ ಬಂದರೆ ಪೇಪರ್ ಓದುವುದು, ಜಾಹೀರಾತು ಬಂದರೆ ಪೇಪರ್ ಮಡಚುವುದು. ನನ್ನ ದನಿ ಕೇಳಿದರೆ ಸಾಕು, "ಬಂತು ಕಣೇ, ಬಂತು" ಎಂದು ಅಡುಗೆಮನೆಗೆ ಕೂಗುವರು. ಮೊಡವೆಯವಳು ನೀನೇ ಎಂದು ಪತ್ತೆ ಹಚ್ಚಿ ಖುಷಿಪಡುವ ಗಂಡ ಎಷ್ಟು ಜನಕ್ಕೆ ಸಿಗುತ್ತಾರೆ ಹೇಳಿ.

ಮಗಳು ಭವ್ಯಳಿಗೆ ಆಗ ಹದಿಮೂರು, ಎಂಟನೆಯ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ನನ್ನ ಮೈಕಟ್ಟು ಅವಳಿಗೆ ಹಾಗೇ ಇಳಿದಿತ್ತು, ತಾತನ ದನಿಯೂ ಇಳಿದಿತ್ತು. ಫೋನಿನಲ್ಲಿ ಅವಳ ಸ್ನೇಹಿತೆಯರ ಅಮ್ಮಂದಿರು ಅವಳನ್ನು ತಂಬಿ, ಎಂದರೆ ತಮ್ಮ, ಎಂದು ಕರೆಯುತ್ತಿದ್ದರು. ನಾನು ನಗುತ್ತಿದ್ದೆ, ಅವಳು ನಗುತ್ತಿರಲಿಲ್ಲ. ಅದನ್ನು ಆಗಲೇ ಗಮನಿಸಬೇಕಿತ್ತು.

ಆ ವರ್ಷ ಶಾಲೆಯವರು ಭವ್ಯಳ ಕ್ಲಾಸಿನವರನ್ನೆಲ್ಲ ಬೆಸೆಂಟ್ ನಗರದ ಬೀಚಿಗೆ ಕರೆದುಕೊಂಡು ಹೋಗಿ, ಮರಳಿನ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದರು. ಫೋಟೋ ಮನೆಗೆ ಬಂದಾಗ ನಾನು ಕನ್ನಡಕ ಹಾಕಿಕೊಂಡು ಮಗಳನ್ನು ಹುಡುಕಿದೆ. ಸಿಗಲಿಲ್ಲ. ಕೊನೆಗೆ ಮೂರನೆಯ ಸಾಲಿನಲ್ಲಿ, ಎತ್ತರದ ಹುಡುಗಿಯೊಬ್ಬಳ ಭುಜದ ಹಿಂದೆ, ಒಂದು ಕಿವಿ, ಒಂದು ರಿಬ್ಬನ್ನು, ಅರ್ಧ ಹಣೆ ಕಂಡವು. ಯಾರೇ ನಿನ್ನನ್ನು ಹಿಂದೆ ನೂಕಿದ್ದು ಎಂದು ಕೇಳಿದೆ. ಯಾರೂ ನೂಕಲಿಲ್ಲ, ಫೋಟೋ ತೆಗೆಯುವಾಗ ನಾನು ಯಾವಾಗಲೂ ಯಾರ ಹಿಂದಾದರೂ ನಿಂತುಕೊಳ್ಳುತ್ತೇನೆ, ಅರ್ಧ ಮಾತ್ರ ಬೀಳಲಿ ಅಂತ ಎಂದು ತಮಿಳಿನಲ್ಲಿ ಹೇಳಿದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಫ್ರಾಕಿನ ದಾರ ಎಳೆಯುತ್ತಿದ್ದಳು. ಯಾರಿಗೂ ಹೇಳಬೇಡ ಅಂದಳು. ಅರ್ಧ ಚಂದ್ರನೂ ಚೆಂದವೇ ಬಿಡು ಎಂದು ನಗೆಯಾಡಿ, ಕುಕ್ಕರ್ ಕೂಗಿತೆಂದು ಎದ್ದುಹೋದೆ. ಕುಕ್ಕರ್ ಇನ್ನೂ ಇಟ್ಟೇ ಇರಲಿಲ್ಲ.

ಇದಾಗಿ ಎರಡು ವಾರಕ್ಕೆ ಕೋದಂಡರಾಮ್ ದೊಡ್ಡ ಕೆಲಸವೊಂದಿದೆ ಎಂದು ಕರೆಸಿದರು. ಅರ್ಧ ಗಂಟೆಯ ಟೆಲಿಶಾಪಿಂಗ್ ಕಾರ್ಯಕ್ರಮ. ಸೊಂಟಕ್ಕೆ ಕಟ್ಟಿ ಸ್ವಿಚ್ ಹಾಕಿದರೆ ಕಾಯ್ದು, ಬೆವರಿಳಿಸಿ, ಇಪ್ಪತ್ತೊಂದು ದಿನದಲ್ಲಿ ಹೊಟ್ಟೆ ಕರಗಿಸುವ ಬೆಲ್ಟು. ಬೆವರಲಿಕ್ಕೆ ಬೆಲ್ಟು ಕಟ್ಟಿಕೊಳ್ಳುವ ದೇಶವೂ ಒಂದಿದೆಯಲ್ಲ ಎಂದು ರುಕ್ಮಿಣಿಯಮ್ಮ ಸೆರಗಿನಲ್ಲಿ ಕತ್ತು ಒರೆಸಿಕೊಂಡರು. ಫ್ಯಾನಿಲ್ಲದ ಆ ಕೋಣೆಯಲ್ಲಿ ನಾವಿಬ್ಬರೂ ಪುಕ್ಕಟೆಯಾಗಿ ಅದೇ ಚಿಕಿತ್ಸೆ ಪಡೆಯುತ್ತಿದ್ದೆವು.

ಅದರಲ್ಲಿ ವಿದೇಶದ ಹೆಂಗಸೊಬ್ಬಳು ಸೋಫಾ ಮೇಲೆ ಕೂತು ತನ್ನ ಕಥೆ ಹೇಳುತ್ತಾಳೆ. ಈಗ ತೆಳ್ಳಗಿದ್ದಾಳೆ, ಅದು ರುಕ್ಮಿಣಿಯಮ್ಮನ ಪಾಲು. ನಡುವೆ ಅವಳ ಹಳೆಯ ದಿನಗಳ ಮನೆ ವೀಡಿಯೋ ತುಣುಕೊಂದು ಬರುತ್ತದೆ, ಅದು ನನ್ನ ಪಾಲು, ಆಗಾಗ ಇಪ್ಪತ್ತೊಂದು ದಿನ ಎಂದು ಸಾರಿ ಫೋನ್ ನಂಬರ್ ಓದುವುದೂ ನನ್ನದೇ. ತುಣುಕಿಗೆಂದು ಹಾಳೆಯಲ್ಲಿ ಬರೆದಿದ್ದದ್ದೆಲ್ಲ ಹೇಳಿ ಮುಗಿಸಿದೆ. ಆದರೂ ತುಣುಕು ಇನ್ನೂ ಓಡುತ್ತಿತ್ತು, ತುಟಿ ಆಡುತ್ತಿತ್ತು. ಮೂಲದಲ್ಲಿ ಆ ಜಾಗಕ್ಕೆ ಬರೀ ಸಂಗೀತ ಹಾಕಿದ್ದರು. ಬಾಯಿ ಆಡುವಾಗ ಸಂಗೀತ ಬಂದರೆ ನಮ್ಮ ಜನ ಒಪ್ಪುವುದಿಲ್ಲ, ಏನಾದರೂ ಹಾಕಿ ಎಂದು ಕೋದಂಡರಾಮ್ ಗಾಜಿನಾಚೆಯಿಂದ ಹೇಳಿದರು. "ಸೋಗವಾಗಿ ಇರಲಿ ಅಮ್ಮ" ಅಂದರು. ಸೋಗ ಎಂದರೆ ತಮಿಳಿನಲ್ಲಿ ದುಃಖ.

ನಾನು ತುಟಿ ನೋಡಿದೆ. ಉದ್ದನೆಯ ಮಾತೊಂದು ಹಿಡಿಯುವಷ್ಟು ಜಾಗವಿತ್ತು. ನನ್ನ ಬಾಯಿಂದ ತಾನಾಗಿ ಬಂತು: "ಫೋಟೋ ತೆಗೆಯುವಾಗ ನಾನು ಯಾವಾಗಲೂ ಯಾರ ಹಿಂದಾದರೂ ನಿಂತುಕೊಳ್ಳುತ್ತಿದ್ದೆ. ಅರ್ಧ ಮಾತ್ರ ಬೀಳಲಿ ಅಂತ."

ಅಕ್ಷರಕ್ಕೆ ಅಕ್ಷರ ಕೂತಿತು. ಒಂದೇ ಟೇಕ್. ಗಾಜಿನಾಚೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಯಾರ ಮಾತು ಎಂದು ನನಗೆ ನೆನಪೇ ಆಗಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ನೆನಪಾಗಿತ್ತು. ಆದರೆ ಅಷ್ಟು ಚೆನ್ನಾಗಿ ಕೂತದ್ದನ್ನು ಬಿಟ್ಟುಕೊಡುವ ಮನಸ್ಸಾಗಲಿಲ್ಲ. ಅಂಬತ್ತೂರಿನಲ್ಲಿ ಕನ್ನಡ ಯಾರು ಕೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಕೆಲಸ ಚೆನ್ನಾಗಿ ಆಯಿತೆಂದು ಒಂದು ಬೆಲ್ಟನ್ನು ಉಡುಗೊರೆಯಾಗಿಯೂ ಕೊಟ್ಟು ಕಳಿಸಿದರು. ಮನೆಯಲ್ಲಿ ಮೊದಲು ಕಟ್ಟಿಕೊಂಡವರು ಯಜಮಾನರು. ಸುಡುಬಿಸಿಲಿನ ಭಾನುವಾರ, ಬನಿಯನ್ನಿನ ಮೇಲೆ ಬೆಲ್ಟು ಬಿಗಿದು ಪೇಪರ್ ಹಿಡಿದು ಕೂತರು. ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಅರ್ಧ ಗಂಟೆಯ ಮೇಲೆ ನೋಡಿದರೆ, ಧಾರಾಕಾರ ಬೆವರುತ್ತಾ, ಏನು ಅದ್ಭುತವಾಗಿ ಕೆಲಸ ಮಾಡುತ್ತೆ ಕಣೇ ಇದು ಅನ್ನುತ್ತಿದ್ದರು. ಕರೆಂಟಿಲ್ಲವೆಂದು ಹೇಳಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕಿದರು.

ಕಾರ್ಯಕ್ರಮ ಬಂದದ್ದು ಒಂದು ಶನಿವಾರ ಬೆಳಗ್ಗೆ. ಅರ್ಧ ಗಂಟೆ ಹೆಂಡತಿಯ ದನಿ ಟೀವಿಯಲ್ಲಿ ಎಂದರೆ ಸಾಮಾನ್ಯವೇ? ಯಜಮಾನರು ಪಕ್ಕದ ಮನೆಯ ತಮಿಳು ಮಾಮಿಯನ್ನೂ ಮಾಮನನ್ನೂ ಕರೆದು ಕೂರಿಸಿದ್ದರು. ಭವ್ಯ ನೆಲದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದಳು. ಆ ತುಣುಕು ಬಂತು, ಆ ಮಾತು ಬಂತು. ಮಾಮಿಗೆ ಕನ್ನಡ ಬಾರದು, ಏನೋ ಸಂಕಟ ಹೇಳುತ್ತಿದ್ದಾಳೆಂದು ತಿಳಿದು ಅಯ್ಯೋ ಪಾವಂ ಅಂದರು. ಆ ಕೋಣೆಯಲ್ಲಿ ಆ ಮಾತು ಯಾರದೆಂದು ಗೊತ್ತಿದ್ದವರು ಇಬ್ಬರೇ. ಭವ್ಯ ನನ್ನನ್ನು ನೋಡಿದಳು. ತಟ್ಟೆಯಲ್ಲಿ ಒಂದೂವರೆ ಇಡ್ಲಿ ಉಳಿದಿತ್ತು, ಹಾಗೇ ಎತ್ತಿಕೊಂಡು ಹೋಗಿ ಸಿಂಕಿನಲ್ಲಿಟ್ಟು ಒಳಗೆ ಹೋದಳು.

ಅವತ್ತು ಮಧ್ಯಾಹ್ನ ಮದ್ದೂರಿನಿಂದ ನಮ್ಮಮ್ಮ ಫೋನ್ ಮಾಡಿ, ಆ ಫೋಟೋ ಮಾತು ಕೇಳಿ ನನಗೆ ಅಳುವೇ ಬಂತು ಕಣೆ, ಯಾರೇ ಬರೆದುಕೊಟ್ಟಿದ್ದು ಎಂದು ಕೇಳಿದಳು. ನಾನು ಏನೋ ಹೇಳಿ ಫೋನಿಟ್ಟೆ.

ಒಂದು ವಾರ ಭವ್ಯ ಜಗಳವಾಡಲಿಲ್ಲ, ಅಳಲೂ ಇಲ್ಲ. ಸಾಕು, ವೇಂಡಾಂ, ಹಸಿವಿಲ್ಲ, ಇಷ್ಟೇ ಮಾತು. ಜಗಳವಾಡುವ ಮಕ್ಕಳನ್ನು ಸುಧಾರಿಸಬಹುದು, ಮರ್ಯಾದೆಯಿಂದ ನಡೆದುಕೊಳ್ಳುವ ಮಕ್ಕಳನ್ನು ಏನು ಮಾಡುವುದು? ಅವಳ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಆ ಬೆಲ್ಟು ಸಿಕ್ಕಿತು. ಸ್ನಾನ ಮುಗಿಸಿ ಬಂದವಳ ಲಂಗ ಸರಿಸಿ ನೋಡಿದೆ. ಸೊಂಟದ ಸುತ್ತ ಕೆಂಪು ಬಾಸುಂಡೆ. ಸ್ವಿಚ್ ಹಾಕಲು ಹೆದರಿ, ಸುಮ್ಮನೆ ಬಿಗಿಯಾಗಿ ಕಟ್ಟಿಕೊಂಡು, ಮೇಲೆ ಯೂನಿಫಾರ್ಮ್ ಹಾಕಿ, ಐದು ದಿನ ಶಾಲೆಗೆ ಹೋಗಿ ಬಂದಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಜೋರಾಗಿಯೇ ಕೇಳಿದೆ, ನನ್ನ ದನಿ ಗೊತ್ತಲ್ಲ.

"ಇಪ್ಪತ್ತೊಂದು ದಿನ ಅಂತ ನೀನೇ ಹೇಳಿದೆಯಲ್ಲ, ಟೀವಿಯಲ್ಲಿ" ಅಂದಳು ತಮಿಳಿನಲ್ಲಿ. ಸಿಟ್ಟಿನಿಂದ ಹೇಳಿದ್ದಲ್ಲ. ಔಷಧಿಯ ಚೀಟಿ ಓದುವ ಹಾಗೆ ಹೇಳಿದಳು. ನಾನು ಕೊಬ್ಬರಿ ಎಣ್ಣೆ ತಂದು ಅವಳ ಸೊಂಟಕ್ಕೆ ಹಚ್ಚಿದೆ. ನನ್ನ ಮಾತನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂದು ಎಷ್ಟು ಸಲ ಗೊಣಗಿದ್ದೆನೋ. ಇವಳು ಕೇಳಿದ್ದಳು, ಪೂರ್ತಿ ಕೇಳಿ ನಂಬಿದ್ದಳು.

ಆ ದಿನಗಳಲ್ಲೇ ಬೆಲ್ಟಿನವರ ಫೋನ್ ನಂಬರ್ ಬದಲಾಯಿತೆಂದು, ಹಾಗೆಯೇ ದನಿಯೂ ಇನ್ನಷ್ಟು ತಿಳಿಯಾಗಲೆಂದು ಕಾರ್ಯಕ್ರಮವನ್ನು ಇನ್ನೊಮ್ಮೆ ರೆಕಾರ್ಡ್ ಮಾಡಬೇಕಾಯಿತು. ಶಾಲೆಗೆ ರಜೆಯಿತ್ತು. ಬಾ, ನಿನಗೆ ಆಫ್ಟರ್ ಹೆಂಗಸನ್ನು ತೋರಿಸುತ್ತೇನೆ ಎಂದು ಭವ್ಯಳನ್ನು ಹೊರಡಿಸಿದೆ. ರುಕ್ಮಿಣಿಯಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲೆಯಡಿಕೆ ಉಗುಳಿ ಬಂದು, ಹಿಮ್ಮಡಿ ಎತ್ತಿ, "ಈಗ ನನ್ನ ಜೀವನವೇ ಬದಲಾಗಿದೆ" ಎಂದು ಉಲಿದು, ಅಮ್ಮಾ ಎಂದು ಮಂಡಿ ಹಿಡಿದುಕೊಂಡು ಕೂತರು. ಎಷ್ಟೋ ದಿನದ ಮೇಲೆ ಭವ್ಯಳ ತುಟಿ ಸ್ವಲ್ಪ ಅಲ್ಲಾಡಿತು. ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ನನ್ನ ಉಪಾಯ ಅಲ್ಲಿಗೆ ಮುಗಿದಿತ್ತು.

ಆಮೇಲೆ ನನ್ನ ಸರದಿ. ಟೇಪನ್ನು ಜಾಗಕ್ಕೆ ತರುವಾಗ ಸದ್ದಿಲ್ಲದೆ ಓಡಿಸುತ್ತಾರೆ. ಭವ್ಯ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು ಪುಟ್ಟ ಟೀವಿ ನೋಡುತ್ತಿದ್ದಳು. ಆ ಮನೆ ವೀಡಿಯೋ ಬಂತು, ಹೋಯಿತು. ಅವಳು ನನ್ನ ಸೆರಗು ಎಳೆದಳು.

"ಅಮ್ಮ, ಅವರು ಯಾರ ಹಿಂದೆಯೂ ನಿಂತಿಲ್ಲವಲ್ಲ" ಅಂದಳು.

ಕನ್ನಡದಲ್ಲಿ ಹೇಳಿದಳು. ಯಾಕೆ ಕನ್ನಡದಲ್ಲಿ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ, ನನಗೆ ಅರ್ಥವಾಗಲೇಬೇಕು ಎಂದಿರಬಹುದು. ಇನ್ನೊಮ್ಮೆ ಓಡಿಸಿ ಎಂದು ಕೇಳಿಕೊಂಡೆ. ಆ ತುಣುಕನ್ನು ನಾನು ಹತ್ತು ಸಲವಾದರೂ ನೋಡಿದ್ದೆ, ತುಟಿಯನ್ನು ಮಾತ್ರ. ಅವತ್ತು ಮೊದಲ ಸಲ ಹೆಂಗಸನ್ನು ನೋಡಿದೆ. ಯಾರದೋ ಹುಟ್ಟುಹಬ್ಬ. ದೊಡ್ಡ ಹೂವಿನ ಗೌನು ತೊಟ್ಟು, ಕೈಯಲ್ಲಿ ಕೇಕಿನ ತಟ್ಟೆ ಹಿಡಿದು, ಚಿತ್ರದ ನಟ್ಟನಡುವೆ ಪೂರ್ತಿಯಾಗಿ ನಿಂತಿದ್ದಳು. ಕ್ಯಾಮೆರಾ ಹಿಡಿದವರಿಗೆ ಏನೋ ತಮಾಷೆ ಹೇಳಿ ಹೊಟ್ಟೆ ಕುಣಿಯುವಂತೆ ನಗುತ್ತಿದ್ದಳು. ನನ್ನ ದನಿ ಸೇರಿದ ಮೇಲೆ ಆ ನಗುವ ಬಾಯಿ ನಮಗೆಲ್ಲ ಅಳುವ ಬಾಯಾಗಿ ಕಂಡಿತ್ತು.

ಕೋದಂಡರಾಮರಿಗೆ ಹೇಳಿದೆ, ಆ ಸಾಲು ತೆಗೆದುಬಿಡಿ, ಅವಳು ನಗುತ್ತಿದ್ದಾಳೆ, ಬೇಕಾದರೆ ನಾನೂ ನಗುತ್ತೇನೆ. ಅವರು ಕೆಟ್ಟವರಲ್ಲ, ಸಮಾಧಾನವಾಗಿಯೇ ಕೇಳಿಸಿಕೊಂಡರು. ಜನ ಫೋನ್ ಮಾಡುತ್ತಿರುವುದೇ ಆ ಸಾಲು ಕೇಳಿ, ಬೆಲ್ಟಿನವರು ಅದನ್ನು ಮುಟ್ಟಕೂಡದು ಅಂದಿದ್ದಾರೆ ಎಂದರು. ಆಮೇಲೆ ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು:

"ಬಿಫೋರೇ ನಕ್ಕುಬಿಟ್ಟರೆ ಆಫ್ಟರ್ ಯಾತಕ್ಕಮ್ಮ?"

ಯಾತಕ್ಕೂ ಬೇಡ ಕಣಯ್ಯ, ನಾನು ಮನೆಗೆ ಹೋಗಿ ಕಾಲು ನೀಡಿಕೊಂಡು ಕೂತಿರುತ್ತೇನೆ ಎಂದು ರುಕ್ಮಿಣಿಯಮ್ಮ ಮೂಲೆಯಿಂದ ಹೇಳಿದರು.

ನಾನು ವೀರಾವೇಶದಿಂದ ಎದ್ದು ನಡೆದೆ ಎಂದುಕೊಳ್ಳಬೇಡಿ. ಹೊಸ ಫೋನ್ ನಂಬರ್ ಓದಿದೆ, ಇಪ್ಪತ್ತೊಂದು ದಿನವನ್ನೂ ಹೇಳಿದೆ. ಆ ಒಂದು ಸಾಲಿಗೆ ಮಾತ್ರ ಬಾಯಿ ತೆರೆಯಲಿಲ್ಲ. ಮಗಳು ಪಕ್ಕದಲ್ಲಿ ಕೂತಿದ್ದಳು, ನಾನು ತುಟಿ ಬಿಗಿದು ನಿಂತೆ, ಟೇಪು ಓಡಿತು. ಕೋದಂಡರಾಮ್ ಯಂತ್ರದ ಮುಂದೆ ಕೂತವನಿಗೆ ಏನೋ ಹೇಳಿದರು. ಅವನು ಹಳೆಯ ಟೇಪಿನಿಂದ ಆ ಸಾಲನ್ನು ಎತ್ತಿ ಅಲ್ಲಿಗೆ ಅಂಟಿಸಿದ. ಎರಡು ನಿಮಿಷದ ಕೆಲಸ. ಆಮೇಲೆ ಎಲ್ಲ ಸರಿಯಿದೆಯೇ ಎಂದು ಹಾಕಿ ಕೇಳಿಸಿದರು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಸ್ಪೀಕರಿನಲ್ಲಿ ನನ್ನ ದನಿ ನನ್ನ ಮಗಳ ಮಾತನ್ನು ಹೇಳುತ್ತಿತ್ತು.

ವಾಪಸು ಬಸ್ಸಿನಲ್ಲಿ ಭವ್ಯಳಿಗೆ ತಪ್ಪಾಯಿತು ಅಂದೆ. ಹೆತ್ತವರು ಮಕ್ಕಳಿಗೆ ತಪ್ಪಾಯ್ತು ಅನ್ನುವುದು ನಮ್ಮ ಮನೆತನದಲ್ಲಿ ಅದೇ ಮೊದಲು. ಟಿಕೆಟ್ ಮಡಚುತ್ತಾ ಹೇಳಿದೆ. ಯಾರಿಗೂ ಹೇಳಬೇಡ ಎಂದು ನೀನು ಹೇಳಿದ್ದೆ, ನಾನು ಇಡೀ ಕರ್ನಾಟಕಕ್ಕೆ ಹೇಳಿದೆ, ಅದನ್ನು ವಾಪಸು ತರಲು ನನ್ನ ಕೈಲಿ ಆಗಲಿಲ್ಲ ಅಂದೆ. ಅವಳು ಕಿಟಕಿಯಾಚೆ ನೋಡುತ್ತಾ, ಇವತ್ತು ನೀನು ಹೇಳಲಿಲ್ಲ ತಾನೆ ಎಂದು ಮತ್ತೆ ತಮಿಳಿಗೆ ಹೋದಳು. ಕ್ಷಮಿಸಿದಳೋ ಲೆಕ್ಕಕ್ಕೆ ತೆಗೆದುಕೊಂಡಳೋ ಕೇಳುವ ಧೈರ್ಯ ನನಗಿರಲಿಲ್ಲ. ರಾತ್ರಿ ಊಟಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡಳು, ನಾನು ನೋಡದವಳ ಹಾಗೆ ಬಡಿಸಿದೆ.

ಮುಂದಿನ ಶನಿವಾರ ಹೊಸ ಫೋನ್ ನಂಬರಿನ ಕಾರ್ಯಕ್ರಮ ಬಂತು. ಇಷ್ಟರಲ್ಲಿ ಯಜಮಾನರಿಗೂ ಎಲ್ಲ ತಿಳಿದಿತ್ತು. ಅವತ್ತು ಅವರು ಬಂತು ಎಂದು ಕೂಗಲಿಲ್ಲ, ಚಾನೆಲ್ ಬದಲಾಯಿಸಲು ರಿಮೋಟಿಗಾಗಿ ಪೇಪರಿನ ಕೆಳಗೆಲ್ಲ ತಡಕಾಡಿದರು. ರಿಮೋಟು ಭವ್ಯಳ ಕೈಯಲ್ಲಿತ್ತು. ರುಕ್ಮಿಣಿಯಮ್ಮ ಸೋಫಾ ಮೇಲೆ ಕೂತು ಉಲಿದು ಮುಗಿಸಿದರು. ಮನೆ ವೀಡಿಯೋ ಶುರುವಾಯಿತು, ನನ್ನ ದನಿ ಬಾಯಿ ತೆರೆಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ, ಒಳಗೆ ಹೋಗಿಬಿಡಲೇ ಎನ್ನಿಸಿತು.

ಭವ್ಯ ಗುಂಡಿ ಒತ್ತಿ ನನ್ನ ದನಿಯನ್ನು ಅಡಗಿಸಿದಳು. ಆ ಹೆಂಗಸು ನಗತೊಡಗಿದಳು. ಹೂವಿನ ಗೌನಿನಲ್ಲಿ, ಚಿತ್ರದ ತುಂಬ ನಿಂತು, ಕೆನ್ನೆಗೆ ಕೆನೆ ಅಂಟಿಸಿಕೊಂಡು ನಕ್ಕಳು. ಯಜಮಾನರು ಪೇಪರ್ ಮಡಚಿಟ್ಟು, ಪಾಪ ಎಷ್ಟು ಚೆನ್ನಾಗಿ ನಗುತ್ತಾಳಲ್ಲ ಅಂದರು. ಭವ್ಯ ಮೊಣಕಾಲ ಮೇಲೆ ಗದ್ದವಿಟ್ಟು ಕಣ್ಣು ಕೀಳದೆ ನೋಡುತ್ತಿದ್ದಳು. ನನಗೆ ಅವಮಾನವಾಯಿತು, ಜೊತೆಗೆ ಹೇಳಲಾಗದಷ್ಟು ಸಂತೋಷವೂ ಆಯಿತು. ಆ ಹೆಂಗಸು ಕೇಕು ತಿಂದು ಮುಗಿಸುವವರೆಗೆ ಮೂವರೂ ನೋಡಿದೆವು. ಆಫ್ಟರ್ ಬರುವುದಕ್ಕೆ ಮೊದಲು ಭವ್ಯ ಟೀವಿ ನಿಲ್ಲಿಸಿದಳು.